ಕೆರೆದಂಡೆಯ ಮನೆಗೆ ಬಂದ ಕಾಗದಗಳು

ದೀಪಾವಳಿ ಸಂಚಿಕೆಯಲ್ಲಿ ನಮ್ಮ ಮನೆಯ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಫಿನ್‌ಲೆಂಡಿನ ಪೂರ್ವ ಭಾಗ, ಹೆಯಿನಾವೆಸಿ ಎಂಬ ಸಣ್ಣ ಊರು, ಸಾಯಿಮಾ ಸರೋವರದ ಒಂದು ಕೊಲ್ಲಿ, ಅದರ ದಂಡೆಗೆ ಮರದ ದಿಮ್ಮಿಯ ಮನೆ. ನಲ್ಲಿಯಿಲ್ಲ, ಬಾವಿ ಉಂಟು. ಟಿವಿ ಇಲ್ಲ, ರೇಡಿಯೊ ಉಂಟು. ನಾನು, ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದ ನನ್ನ ಫಿನ್ನಿಶ್ ಗಂಡ, ಒಂದು ಮುದಿ ನಾಯಿ. ಅಷ್ಟಕ್ಕೇ ಮೂವತ್ತೇಳು ಕಾಗದ ಬಂದಿವೆಯೆಂದು ಸಂಪಾದಕರು ಎಲ್ಲವನ್ನೂ ಒಟ್ಟು ಮಾಡಿ ಕಳಿಸಿ, "ಉತ್ತರ ಬರೆಯಿರಿ, ಹಾಕೋಣ" ಎಂದಿದ್ದಾರೆ. ಒಂದೇ ಅರ್ಥದವನ್ನು ಸೇರಿಸಿ ಕೆಲವನ್ನು ಆರಿಸಿಕೊಂಡಿದ್ದೇನೆ. ಇವತ್ತು ನವೆಂಬರ್ ಕೊನೆ. ಕೊಲ್ಲಿಯ ಅಂಚಿಗೆ ಬೆಳಿಗ್ಗೆ ಹಾಲಿನ ಕೆನೆಯಷ್ಟು ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು, ಮಧ್ಯಾಹ್ನದ ಗಾಳಿಗೆ ಒಡೆದು ಹೋಯಿತು.

*

ನಿಮ್ಮ ಲೇಖನ ಓದಿ ಹೊಟ್ಟೆಕಿಚ್ಚಾಯಿತು. ಇಲ್ಲಿ ವಾಹನಗಳ ಗದ್ದಲ, ಅಲ್ಲಿ ನೀರು, ಕಾಡು, ಮೌನ. ಮನಸ್ಸಿಗೆ ಪೂರ್ಣ ಶಾಂತಿ ಸಿಕ್ಕಿದೆಯೇ? ದಿನಚರಿ ಹೇಗಿರುತ್ತದೆ ತಿಳಿಸಿ.
ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಸಾರ್, ಇವತ್ತಿನ ದಿನವನ್ನೇ ಹೇಳುತ್ತೇನೆ, ಆಮೇಲೆ ಹೊಟ್ಟೆಕಿಚ್ಚು ಉಳಿದಿದ್ದರೆ ನೋಡೋಣ. ಆರಕ್ಕೆ ಎದ್ದಾಗ ಕಗ್ಗತ್ತಲೆ. ಒಲೆಯ ಬೂದಿ ತೆಗೆದು ತಗಡಿನ ಬಕೆಟ್ಟಿಗೆ ಹಾಕಿ ಹೊರಗೆ ಕಲ್ಲಿನ ಮೇಲೆ ಇಟ್ಟೆ (ಮರದ ಜಗುಲಿಯ ಮೇಲೆ ಇಡಕೂಡದು, ಬೂದಿಯೊಳಗೆ ಕೆಂಡ ಎರಡು ದಿನ ಜೀವ ಹಿಡಿದಿರುತ್ತದೆ). ಟಾರ್ಚ್ ಹಿಡಿದು ಸೌದೆಮನೆಗೆ ಹೋಗಿ ಎರಡು ಬುಟ್ಟಿ ಬರ್ಚ್ ಸೌದೆ ತಂದೆ. ಬಾವಿಯಿಂದ ನಾಲ್ಕು ಕೊಡ ನೀರು. ನಾಯಿಗೆ ಗಂಜಿ, ನಮಗೂ ಗಂಜಿ, ನಾಯಿಯದಕ್ಕೆ ಉಪ್ಪಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಒಂಬತ್ತರ ಹೊತ್ತಿಗೆ ಬೆಳಕು ಬಂತು. ಹೊರಗಿನ ಕಕ್ಕಸಿನ ಡಬ್ಬಿ ಖಾಲಿ ಮಾಡಿ, ಮರದ ಹೊಟ್ಟು ಹಾಕಿ ಬಂದೆವು. ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ, ಕೆರೆಗೆ ಒಂದು ಹನಿ ಹೋಗಬಾರದು. ಮೂರೂಕಾಲಕ್ಕೆಲ್ಲ ಮತ್ತೆ ಕತ್ತಲೆ. ಡಿಸೆಂಬರ್ 21ರ ಹೊತ್ತಿಗೆ ಹಗಲೆಂಬುದು ಐದು ಗಂಟೆಯ ಆಸುಪಾಸು ಇರುತ್ತದೆ. ಅದೂ ಮೋಡ ಮುಚ್ಚಿದ ಹಗಲು, ನಮ್ಮ ಆಷಾಢದ ಸಂಜೆಯ ಹಾಗೆ.

ಶಾಂತಿ ಎಂದಿರಿ. ಬಂದ ಮೊದಲ ಮೂರು ಚಳಿಗಾಲ ನಾನು ಅತ್ತಿದ್ದೇ ಹೆಚ್ಚು. 1997ರಲ್ಲಿ ಬಂದವಳು, ಇಲ್ಲಿ ಮೌನ ಎಷ್ಟಿತ್ತೆಂದರೆ ಕಿವಿಯೊಳಗೆ ನನ್ನದೇ ರಕ್ತ ಹರಿಯುವ ಸದ್ದು ಕೇಳುತ್ತಿತ್ತು. ಮೌನ ಒಳ್ಳೆಯದೇ, ಆದರೆ ಅದು ನೀವು ತಂದದ್ದನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಮೈಸೂರಿನಿಂದ ಅಣ್ಣನ ಮೇಲಿನ ಸಿಟ್ಟನ್ನು ಹೊತ್ತು ತಂದರೆ ಇಲ್ಲಿ ರಾತ್ರಿಯಿಡೀ ಅಣ್ಣನೇ ಮಾತಾಡುತ್ತಾನೆ.

ಇನ್ನೊಂದು ಹೇಳಲೇಬೇಕು. ಇಲ್ಲಿನ ದೊಡ್ಡ ಕಲ್ಲಿನ ಒಲೆಗೆ ದಿನಕ್ಕೊಮ್ಮೆ ಎರಡು ಗಂಟೆ ಬೆಂಕಿ ಕೊಟ್ಟರೆ ಸಾಕು, ಕಲ್ಲು ಬಿಸಿ ಹಿಡಿದುಕೊಂಡು ಇಡೀ ದಿನ ಮನೆ ಬೆಚ್ಚಗಿಡುತ್ತದೆ. ಬೆಂಕಿ ಪೂರ್ತಿ ಆರಿದ ಮೇಲೆ ಹೊಗೆಗೂಡಿನ ತಗಡು ಮುಚ್ಚಬೇಕು, ಇಲ್ಲದಿದ್ದರೆ ಬಿಸಿಯೆಲ್ಲ ಆಕಾಶಕ್ಕೆ. ಎರಡನೆಯ ಚಳಿಗಾಲದಲ್ಲಿ ನಾನು ಜಿಪುಣತನ ಮಾಡಿ, ಕೆಂಡದ ಮೇಲೆ ನೀಲಿ ಜ್ವಾಲೆ ಇನ್ನೂ ಆಡುತ್ತಿದ್ದಾಗಲೇ ತಗಡು ಎಳೆದುಬಿಟ್ಟೆ. ಸ್ವಲ್ಪ ಹೊತ್ತಿಗೆ ತಲೆನೋವು, ಓಕರಿಕೆ, ಕಾಲು ಎತ್ತಲಾಗದು. ಅತ್ತೆ ಬಂದು ಬಾಗಿಲು ತೆಗೆದು, ಹೆಗಲಿಗೆ ಕೈ ಕೊಟ್ಟು ಹಿಮದ ಮೇಲೆ ಎಳೆದು ಕೂರಿಸಿದರು. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್. ಇನ್ನೊಂದು ಗಂಟೆ ತಡವಾಗಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಆವತ್ತಿನಿಂದ ನನ್ನ ಧ್ಯಾನ ಯಾವುದೆಂದರೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೊನೆಯ ಕೆಂಡ ಕಪ್ಪಾಗುವವರೆಗೆ ಕಾಯುವುದು. ಮೂವತ್ತು ನಿಮಿಷ. ಪುಸ್ತಕ ಹಿಡಿಯುವುದಿಲ್ಲ, ಫೋನ್ ಹಿಡಿಯುವುದಿಲ್ಲ. ನೀವು ಕೇಳಿದ ಶಾಂತಿ ಏನಾದರೂ ಇದ್ದರೆ ಅದು ಆ ಮೂವತ್ತು ನಿಮಿಷದಲ್ಲಿ ಇದೆ.

*

ಅಕ್ಕಾ, ಸೌನಾ ಅಂದರೆ ನಮ್ಮ ಬಚ್ಚಲುಮನೆ ಹಂಡೆ ನೀರಿನ ಹಾಗೆಯೇ? ಎಲ್ಲರೂ ಬಟ್ಟೆಯಿಲ್ಲದೆ ಒಟ್ಟಿಗೆ ಕೂರುತ್ತಾರಂತೆ, ನಿಜವೇ? ನಿಮಗೆ ನಾಚಿಕೆ ಆಗಲಿಲ್ಲವೇ?
ಗೃಹಿಣಿ, ಶಿರಸಿ

ತಂಗೀ, ಮೂವತ್ತೇಳರಲ್ಲಿ ಹನ್ನೊಂದು ಕಾಗದ ಇದನ್ನೇ ಕೇಳಿವೆ. ನೀನೊಬ್ಬಳು ನೇರವಾಗಿ ಕೇಳಿದೆ, ಉಳಿದವರು "ಅಲ್ಲಿನ ಸ್ನಾನ ಸಂಸ್ಕೃತಿ" ಎಂದು ಸುತ್ತಿ ಬಳಸಿ ಬಂದಿದ್ದಾರೆ.

ನಾಚಿಕೆ ಆಯಿತು. ಮೊದಲ ಸಲ ಪಂಚೆ ಸುತ್ತಿಕೊಂಡು ಹೋಗಿದ್ದೆ. ಅತ್ತೆ ನೋಡಿದರು, ಏನೂ ಹೇಳಲಿಲ್ಲ, ಬಾಣಲೆಯಲ್ಲಿ ಬೆಂದ ಹಾಗೆ ಬೆವರಿ ನಾನೇ ತೆಗೆದಿಟ್ಟೆ. ಸಾಮಾನ್ಯವಾಗಿ ಹೆಂಗಸರು ಬೇರೆ, ಗಂಡಸರು ಬೇರೆ, ಒಂದು ಮನೆಯವರಾದರೆ ಒಟ್ಟಿಗೆ. ಅಲ್ಲಿ ಯಾರೂ ಯಾರ ಮೈ ನೋಡುವುದಿಲ್ಲ. ನೋಡಲು ಬೆಳಕೂ ಇರುವುದಿಲ್ಲ ಅನ್ನು. ಸಣ್ಣ ಕಿಟಕಿ, ಅದರಾಚೆ ಕೆರೆ. "ಸೌನಾದಲ್ಲಿ ಚರ್ಚಿನಲ್ಲಿ ಇದ್ದ ಹಾಗೆ ಇರಬೇಕು" ಎಂದು ಇಲ್ಲಿ ಗಾದೆಯೇ ಇದೆ. ಜಗಳ, ಕೂಗಾಟ, ಆಣೆ-ಶಾಪ ಅಲ್ಲಿ ಕೂಡದು.

ನಮ್ಮ ಬಚ್ಚಲಿನಲ್ಲಿ ಅಡಿಕೆಸಿಪ್ಪೆ ಉರಿಸಿ ನೀರು ಕಾಯಿಸುತ್ತೇವೆ, ಇಲ್ಲಿ ಕಲ್ಲು ಕಾಯಿಸುತ್ತಾರೆ. ಒಲೆಯ ಮೇಲೆ ಗುಂಡುಕಲ್ಲುಗಳ ರಾಶಿ, ಸೌದೆ ಹಾಕಿ ಒಂದೂವರೆ ಗಂಟೆ ಕಾಯಿಸಿದರೆ ಕೋಣೆ ಎಂಬತ್ತು ಡಿಗ್ರಿಗೆ ಬರುತ್ತದೆ. ಮರದ ಸೌಟಿನಲ್ಲಿ ನೀರೆತ್ತಿ ಕಲ್ಲಿನ ಮೇಲೆ ಚೆಲ್ಲಿದರೆ ಚೊಂಯ್ ಎಂದು ಆವಿ ಏಳುತ್ತದಲ್ಲ, ಆ ಆವಿಗೆ ಇವರು ಲೊಯ್ಲು ಎನ್ನುತ್ತಾರೆ. ಈ ಪದದ ಹಳೆಯ ಅರ್ಥ ಜೀವ, ಪ್ರಾಣ. ಹಂಗೇರಿಯನ್ ಭಾಷೆ ಇದರ ದೂರದ ನೆಂಟ, ಅಲ್ಲಿ ಲೇಲೆಕ್ ಎಂದರೆ ಇವತ್ತಿಗೂ ಆತ್ಮ. ನಮ್ಮ 'ಪ್ರಾಣ'ಕ್ಕೂ ಉಸಿರು ಮತ್ತು ಜೀವ ಎರಡೂ ಅರ್ಥ ಇವೆಯಲ್ಲ, ಹಾಗೆ. ಇದು ಗೊತ್ತಾದ ದಿನ ನನಗೆ ಈ ಭಾಷೆಯ ಮೇಲೆ ಇದ್ದ ಮುನಿಸು ಸ್ವಲ್ಪ ಇಳಿಯಿತು. (ನಾಮಪದಕ್ಕೆ ಹದಿನೈದು ವಿಭಕ್ತಿ ಇರುವ ಭಾಷೆ, ನಮ್ಮ ಏಳೆಂಟಕ್ಕೇ ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡವಳು ನಾನು.)

ಹಿಂದೆ ಹೆರಿಗೆ ಆಗುತ್ತಿದ್ದುದೂ ಸೌನಾದಲ್ಲೇ, ಸತ್ತವರನ್ನು ತೊಳೆಯುತ್ತಿದ್ದುದೂ ಅಲ್ಲೇ. ಮನೆಯಲ್ಲಿ ಅದೊಂದೇ ಬೆಚ್ಚಗಿನ, ಬಿಸಿನೀರಿರುವ, ಮಸಿ-ಹೊಗೆಯಿಂದ ಕ್ರಿಮಿ ಕಡಿಮೆ ಇರುವ ಜಾಗ. ನನ್ನ ಅತ್ತೆ ಹುಟ್ಟಿದ್ದೂ ಸೌನಾದಲ್ಲಿ. ಈ ಮನೆ ಕಟ್ಟುವಾಗ ಮಾವ ಮೊದಲು ಕಟ್ಟಿದ್ದು ಸೌನಾ, ಅದರೊಳಗೇ ಎರಡು ಚಳಿಗಾಲ ಬದುಕಿ ಆಮೇಲೆ ಮನೆ ಎಬ್ಬಿಸಿದರು. ಹೊಸ ಜಾಗಕ್ಕೆ ಬಂದವರು ಆಗ ಹಾಗೇ ಮಾಡುತ್ತಿದ್ದರು. 2020ರಲ್ಲಿ ಯುನೆಸ್ಕೊ ಇಲ್ಲಿನ ಸೌನಾ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಊರಲ್ಲಿ ಯಾರೂ ಸಂಭ್ರಮಿಸಲಿಲ್ಲ, ಪಕ್ಕದ ಮನೆಯಾತ "ಈಗ ಗೊತ್ತಾಯ್ತಂತಾ?" ಎಂದದ್ದೇ ಪ್ರತಿಕ್ರಿಯೆ.

ಶನಿವಾರ ನಮ್ಮ ಸೌನಾ ದಿನ. ಜೂನ್ ಕೊನೆಯ ಹೊತ್ತಿಗೆ ಬರ್ಚ್ ಮರದ ಎಳೆ ಟೊಂಗೆಗಳನ್ನು ಕಟ್ಟು ಕಟ್ಟಿ ಒಣಗಿಸಿ ಇಟ್ಟಿರುತ್ತೇವೆ, ಅದನ್ನು ನೀರಲ್ಲಿ ನೆನೆಸಿ ಬೆನ್ನಿಗೆ, ಭುಜಕ್ಕೆ ಬಡಿದುಕೊಳ್ಳುವುದು. ನವೆಂಬರಿನಲ್ಲಿ ಜೂನ್ ತಿಂಗಳ ವಾಸನೆ. ಎಲ್ಲರದೂ ಮುಗಿದ ಮೇಲೆ ಅತ್ತೆ ಇನ್ನೊಂದು ಸೌಟು ನೀರು ಕಲ್ಲಿಗೆ ಚೆಲ್ಲಿ ಬಾಗಿಲು ಎಳೆದುಕೊಂಡು ಬರುತ್ತಿದ್ದರು. ಅದು ಸೌನಾ ಕಾಯುವ ಪುಟ್ಟ ಮುದುಕನಿಗೆ, ಸೌನಾತೊಂತ್ತು ಎಂಬ ಭೂತಕ್ಕೆ. ಅವರು ಹೋಗಿ ಒಂಬತ್ತು ವರ್ಷವಾಯಿತು, ಈಗ ನಾನು ಚೆಲ್ಲುತ್ತೇನೆ. ನಮ್ಮಲ್ಲಿ ಊಟಕ್ಕೆ ಮೊದಲು ಕಾಗೆಗೆ ಒಂದು ತುತ್ತು ಇಡುವುದಿಲ್ಲವೇ? ಇಲ್ಲಿ ಕೊನೆಗೆ ಇಡುತ್ತಾರೆ, ಅಷ್ಟೇ.

*

ಕಾಡಿನಲ್ಲಿ ಹಾವು ಇದೆಯೇ? ಕರಡಿ?
ಆಟೋ ಚಾಲಕರು, ಹಾಸನ

ವಿಷದ ಹಾವು ಇಡೀ ದೇಶದಲ್ಲಿ ಒಂದೇ ಜಾತಿ, ಬೆನ್ನ ಮೇಲೆ ಅಂಕುಡೊಂಕು ಪಟ್ಟೆ. ಚಳಿಗಾಲವೆಲ್ಲ ನಿದ್ದೆ. ಕರಡಿ ಉಂಟು, ಇಪ್ಪತ್ತೆಂಟು ವರ್ಷದಲ್ಲಿ ನಾನು ಕಂಡದ್ದು ಹೆಜ್ಜೆ ಮಾತ್ರ. ನನಗೆ ಭಯ ಇರುವುದು ಉಣ್ಣಿಗೆ, ಅದು ಮಿದುಳುಜ್ವರ ಅಂಟಿಸುತ್ತದೆ. ಮಂಗನಕಾಯಿಲೆಯ ಸೀಮೆಯಿಂದ ಬಂದವಳಿಗೆ ಇಲ್ಲೂ ಅದೇ ಉಣ್ಣಿ, ನೋಡಿ. ಇಲ್ಲಿನದಕ್ಕೆ ಲಸಿಕೆ ಇದೆ, ಹಾಕಿಸಿಕೊಂಡಿದ್ದೇನೆ.

*

ನನಗೆ 29 ವರ್ಷ. ಐಟಿ ಕೆಲಸ ಸಾಕಾಗಿದೆ. ಉಳಿತಾಯದ ಹಣದಲ್ಲಿ ನಿಮ್ಮ ಹಾಗೆ ಫಿನ್‌ಲೆಂಡಿನಲ್ಲಿ ಸರೋವರದ ದಂಡೆಗೆ ಸಣ್ಣ ಮನೆ ಕೊಂಡು ಸರಳವಾಗಿ ಬದುಕಬೇಕೆಂದಿದ್ದೇನೆ. ಮಾರ್ಗದರ್ಶನ ಮಾಡಿ.
ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ತಮ್ಮಾ, ಮೊದಲು ಕಾನೂನು. 2020ರ ಜನವರಿಯಿಂದ ಐರೋಪ್ಯ ಒಕ್ಕೂಟ ಮತ್ತು ಅದರ ಆರ್ಥಿಕ ವಲಯದ ಹೊರಗಿನವರು ಇಲ್ಲಿ ಜಮೀನು-ಮನೆ ಕೊಳ್ಳಬೇಕಾದರೆ ರಕ್ಷಣಾ ಸಚಿವಾಲಯದ ಅನುಮತಿ ಪಡೆಯಬೇಕು. ಹೌದು, ರಕ್ಷಣಾ ಸಚಿವಾಲಯ. ಪಕ್ಕದಲ್ಲಿ ರಷ್ಯಾ ಇದೆ. ಮನೆ ಕೊಂಡ ಮಾತ್ರಕ್ಕೆ ಇಲ್ಲಿ ವಾಸಿಸುವ ಹಕ್ಕೂ ಬರುವುದಿಲ್ಲ, ಅದು ಬೇರೆ ಅರ್ಜಿ. ದಂಡೆಯಲ್ಲಿ ಬೇಕಾದ ಹಾಗೆ ಕಟ್ಟಲೂ ಆಗದು. ಬೇಸಿಗೆಮನೆಗಳು ಇಲ್ಲಿ ಸುಮಾರು ಐದು ಲಕ್ಷ ಇವೆ, ಜನ ಇರುವುದೇ 56 ಲಕ್ಷ. ಆದರೆ ಅವುಗಳಲ್ಲಿ ಹೆಚ್ಚಿನವು ಬೇಸಿಗೆಗೇ ಕಟ್ಟಿದವು. ಜುಲೈನಲ್ಲಿ ಫೋಟೊ ನೋಡಿ ಕೊಂಡವರು ಫೆಬ್ರುವರಿಯಲ್ಲಿ ಬಂದು ನಿಂತರೆ ಬಾವಿಯ ಮುಚ್ಚಳವೇ ಏಳುವುದಿಲ್ಲ.

ಇನ್ನು ಸರಳ. ನನ್ನ ಬದುಕು ಸರಳ ಎಂದು ಬರೆದದ್ದು ನಾನೇ, ತಪ್ಪು ನನ್ನದೇ. ಸೌದೆ ಒಂದನ್ನೇ ತೆಗೆದುಕೊ. ಮಾರ್ಚಿನಲ್ಲಿ ಮರ ಕಡಿಯಬೇಕು, ಆಗ ರಸ ಏರಿರುವುದಿಲ್ಲ. ಏಪ್ರಿಲ್-ಮೇನಲ್ಲಿ ಸೀಳಿ ಒಟ್ಟಬೇಕು, ಬಿಸಿಲು-ಗಾಳಿ ಆಡುವ ಹಾಗೆ. ಜೂನ್ ಕಳೆದರೆ ತಡ. ಹಸಿ ಉಳಿದರೆ ಮುಂದಿನ ಚಳಿಗಾಲ ಒಲೆ ಹೊಗೆ ಕಾರುತ್ತದೆ, ಚಿಮಣಿಯಲ್ಲಿ ಜಿಡ್ಡು ಕಟ್ಟಿ ಒಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ಇವತ್ತು ಉರಿಸುವ ಸೌದೆ ಕಳೆದ ವರ್ಷಕ್ಕೂ ಹಿಂದಿನ ವರ್ಷ ಸೀಳಿದ್ದು. ಅಂದರೆ ನೀನು ಈಗ ಬಂದರೆ ಮೊದಲ ಎರಡು ಚಳಿಗಾಲಕ್ಕೆ ನಿನ್ನ ಹತ್ತಿರ ಸೌದೆಯೇ ಇಲ್ಲ! ಆಫೀಸಿನಲ್ಲಿ ಗಡುವು ಮೀರಿದರೆ ಮೇಲಿನವರು ಬೈಯುತ್ತಾರೆ. ಇಲ್ಲಿ ಯಾರೂ ಬೈಯುವುದಿಲ್ಲ, ಚಳಿ ಬರುತ್ತದೆ.

ನನ್ನ ಸಲಹೆ ಕೇಳುತ್ತೀಯಾದರೆ, ಮೊದಲು ಜುಲೈ ತಿಂಗಳು ಪೂರ್ತಿ ರಜೆ ಹಾಕಿ ಹೊಸನಗರದ ಕಡೆಯ ಯಾವುದಾದರೂ ಹಳ್ಳಿಮನೆಯಲ್ಲಿ ಇದ್ದು ನೋಡು. ಹೋಮ್‌ಸ್ಟೇ ಬೇಡ, ನೆಂಟರ ಮನೆ. ಕರೆಂಟಿಲ್ಲದೆ, ಇಂಬಳದ ಜೊತೆ, ಒಣಗದ ಬಟ್ಟೆ ಹಾಕಿಕೊಂಡು. ತಿಂಗಳು ಮುಗಿದ ಮೇಲೂ ಇಷ್ಟವಾದರೆ ನನಗೆ ಮತ್ತೆ ಬರೆ. ಆಗಲೂ ಫಿನ್‌ಲೆಂಡ್ ಬೇಕೇ ಎಂದು ನಾನೇ ಕೇಳುತ್ತೇನೆ.

*

ಮೇಡಂ, ಇದೆಲ್ಲ ಹೊಟ್ಟೆ ತುಂಬಿದವರ ಆಟ. ನಮ್ಮೂರಲ್ಲಿ ಹೆಂಗಸರು ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಾರೆ. ಅವರು ಬಾವಿ ನೀರು ಹೊತ್ತರೆ ಬಡತನ, ನೀವು ಹೊತ್ತರೆ ಅಧ್ಯಾತ್ಮವೇ?
ಪ್ರೌಢಶಾಲಾ ಶಿಕ್ಷಕರು, ರಾಯಚೂರು ಜಿಲ್ಲೆ

ಈ ಕಾಗದವನ್ನು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ನಿಮ್ಮ ಮಾತು ಸರಿ.

ನಾನು ಲೇಖನದಲ್ಲಿ ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಗಂಡನಿಗೆ ಪಿಂಚಣಿ ಬರುತ್ತದೆ. ಹಿಮ ಬಿದ್ದ ಬೆಳಿಗ್ಗೆ ಊರಿನ ರಸ್ತೆಯ ಹಿಮ ತಳ್ಳಲು ಸರ್ಕಾರಿ ಗಾಡಿ ಬರುತ್ತದೆ, ನಮ್ಮ ಕಾಲುದಾರಿಗೆ ಟ್ರ್ಯಾಕ್ಟರಿನವನಿಗೆ ದುಡ್ಡು ಕೊಡುತ್ತೇವೆ. ಪುಸ್ತಕ ತುಂಬಿದ ಗ್ರಂಥಾಲಯದ ಬಸ್ಸು ಹಳ್ಳಿಗಳನ್ನು ಸುತ್ತುತ್ತದೆ. ನನಗೆ ಎದೆನೋವು ಬಂದರೆ ಆಂಬುಲೆನ್ಸ್ ಬರುತ್ತದೆ, ಆಸ್ಪತ್ರೆಯ ಬಿಲ್ಲಿಗೆ ಮನೆ ಮಾರಬೇಕಿಲ್ಲ. ಕೆರೆಯ ನೀರು ಚೊಕ್ಕವಾಗಿರುವುದು ಯಾರ ತಪಸ್ಸಿನಿಂದಲೂ ಅಲ್ಲ, ಊರುಗಳ ಮತ್ತು ಕಾಗದದ ಕಾರ್ಖಾನೆಗಳ ಕೊಳೆನೀರನ್ನು ಶುದ್ಧ ಮಾಡಿಯೇ ಬಿಡಬೇಕೆಂದು ಹತ್ತಾರು ವರ್ಷ ಕಾನೂನು ಹಿಡಿದು ಕೂತದ್ದರಿಂದ. ನಾನು ಬಾವಿಯಿಂದ ನಾಲ್ಕು ಕೊಡ ಸೇದುವುದು ನನ್ನ ಆಯ್ಕೆ. ಮೋಟರ್ ಹಾಕಿಸಲು ದುಡ್ಡಿಲ್ಲ ಎಂದಲ್ಲ, ಮಾವ ತೋಡಿದ ಬಾವಿ ಎಂಬ ಹಠ. ಆಯ್ಕೆಯಿಲ್ಲದೆ ಹೊರುವವರ ಕೊಡಕ್ಕೂ ನನ್ನ ಕೊಡಕ್ಕೂ ಹೋಲಿಕೆ ಇಲ್ಲ. ಅಧ್ಯಾತ್ಮ ಎಂಬ ಪದ ಆ ಲೇಖನದ ಶೀರ್ಷಿಕೆಯಲ್ಲಿ ಇತ್ತು. ಶೀರ್ಷಿಕೆ ನಾನು ಕೊಟ್ಟದ್ದಲ್ಲ, ಆದರೆ ನೋಡಿ ಸುಮ್ಮನಿದ್ದೆ.

*

ನಾವು ಸಸ್ಯಾಹಾರಿಗಳು. ಮಗಳು ಓದಲು ಅಲ್ಲಿಗೆ ಬರುತ್ತಿದ್ದಾಳೆ. ಊಟಕ್ಕೆ ಏನು ಮಾಡುತ್ತೀರಿ?
ತಾಯಿ, ಉಡುಪಿ

ಅಮ್ಮಾ, ಮಗಳು ಉಪವಾಸ ಇರುವುದಿಲ್ಲ. ಇಲ್ಲಿ ಪೀಮಾ ಎಂದು ಸಿಗುತ್ತದೆ, ಸ್ವಲ್ಪ ಗಟ್ಟಿ ಮಜ್ಜಿಗೆಯೇ, ಒಗ್ಗರಣೆ ಕೊಟ್ಟರೆ ತಂಬುಳಿಗೂ ಆಗುತ್ತದೆ. ರೈ ಎಂಬ ಧಾನ್ಯದ ಕಪ್ಪು ಹುಳಿರೊಟ್ಟಿ ಮೊದಲ ತಿಂಗಳು ಸೇರುವುದಿಲ್ಲ, ಆಮೇಲೆ ಅದಿಲ್ಲದೆ ಆಗುವುದಿಲ್ಲ. ಕಾಫಿಯ ಜೊತೆ ತಿನ್ನುವ ಪುಲ್ಲಾ ಎಂಬ ಸಿಹಿ ಬನ್ನಿಗೆ ಇವರು ಹಾಕುವುದು ಏಲಕ್ಕಿ! ಮೊದಲ ಸಲ ಅತ್ತೆಯ ಅಡಿಗೆಮನೆಯಲ್ಲಿ ಆ ವಾಸನೆ ಬಂದಾಗ ನಾನು ಎಲ್ಲಿದ್ದೇನೆ ಎಂಬುದೇ ಒಂದು ಕ್ಷಣ ಮರೆಯಿತು.

ಕಾಡು ಕೊಡುವುದು ಬಹಳ. ಯಾರದೇ ಕಾಡಾಗಲಿ, ಮನೆಯಂಗಳ ಬಿಟ್ಟು, ಯಾರು ಬೇಕಾದರೂ ನಡೆದು ಹಣ್ಣು, ಅಣಬೆ ಆರಿಸಬಹುದು. ಯಜಮಾನನ ಅಪ್ಪಣೆ ಬೇಡ. ಜುಲೈ ಕೊನೆಗೆ ನೀಲಿ ಮುಸ್ತಿಕ್ಕಾ, ಸೆಪ್ಟೆಂಬರಿನಲ್ಲಿ ಕೆಂಪು ಪುವೊಲುಕ್ಕಾ. ಈ ಕೆಂಪು ಹಣ್ಣಿನಲ್ಲಿ ಬೆಂಜೋಯಿಕ್ ಆಮ್ಲ ತನ್ನಷ್ಟಕ್ಕೇ ಇರುವುದರಿಂದ ಜಜ್ಜಿ ಡಬ್ಬಿಗೆ ತುಂಬಿ ತಣ್ಣಗಿಟ್ಟರೆ ಸಕ್ಕರೆಯಿಲ್ಲದೆಯೂ ಚಳಿಗಾಲವೆಲ್ಲ ಕೆಡದು. ನಾನು ಅದಕ್ಕೆ ಬೆಲ್ಲ, ಉಪ್ಪು, ಹುರಿದ ಮೆಂತೆ-ಒಣಮೆಣಸಿನ ಪುಡಿ, ಇಂಗಿನ ಒಗ್ಗರಣೆ ಹಾಕಿ ಗೊಜ್ಜು ಮಾಡುತ್ತೇನೆ. ಗಂಡ ಅದನ್ನು ಆಲೂಗೆಡ್ಡೆಗೆ ಹಚ್ಚಿಕೊಂಡು ತಿನ್ನುತ್ತಾನೆ, ತಿನ್ನಲಿ.

ಅಣಬೆ ಮಾತ್ರ ಬಲ್ಲವರ ಜೊತೆ ಹೋಗದೆ ಕೀಳಬಾರದೆಂದು ಮಗಳಿಗೆ ಹೇಳಿ. ವಸಂತದಲ್ಲಿ ಬರುವ ಒಂದು ಅಣಬೆ, ಮಿದುಳಿನ ಹಾಗೆ ಮಡಿಕೆ ಮಡಿಕೆ, ಹಸಿಯಾಗಿ ತಿಂದರೆ ಪ್ರಾಣ ಹೋಗುತ್ತದೆ. ಬೇಕಾದಷ್ಟು ನೀರಲ್ಲಿ ಎರಡು ಸಲ ಕುದಿಸಿ, ಎರಡು ಸಲವೂ ನೀರು ಚೆಲ್ಲಿ ತೊಳೆದರೆ ಹಬ್ಬದಡಿಗೆ. ಕುದಿಸುವಾಗ ಕಿಟಕಿ ತೆರೆದಿರಬೇಕು, ಆವಿಯೂ ವಿಷ. "ಇಂಥದ್ದನ್ನು ಯಾಕಾದರೂ ತಿನ್ನುತ್ತೀರಿ?" ಎಂದು ಅತ್ತೆಗೆ ಕೇಳಿದ್ದೆ. ಆಮೇಲೆ ನಮ್ಮ ಕಳಲೆಯ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಮೂರು ದಿನ ನೀರು ಬದಲಿಸಿ ನೆನೆಸದೆ ಯಾರು ಕಳಲೆ ಪಲ್ಯ ಮಾಡುತ್ತಾರೆ?

*

ಪರದೇಶದಲ್ಲಿ, ಅದೂ ಕ್ರೈಸ್ತರ ನಾಡಿನಲ್ಲಿ, ನಿಮ್ಮ ಪೂಜೆ, ದೇವರು, ನಂಬಿಕೆ ಹೇಗೆ ನಡೆದಿದೆ? ನೀರಿನ ಪಕ್ಕದಲ್ಲೇ ಇರಬೇಕೆಂದು ಏಕೆ ಅನ್ನಿಸಿತು?
ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ

ಮೇಷ್ಟ್ರೇ, ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀರಿನ ಪಕ್ಕ ಇರಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಾನು ಸಾಗರ ತಾಲ್ಲೂಕಿನ ಮುಳುಗಡೆಯವಳು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ನಾನು ಹುಟ್ಟಿದ ವರ್ಷ. ನೀರು ಏರುತ್ತಿದ್ದಾಗ ಅಮ್ಮ ನನ್ನನ್ನು ಸೊಂಟದಲ್ಲಿಟ್ಟುಕೊಂಡು, ಅಪ್ಪ ಎತ್ತಿನ ಗಾಡಿಗೆ ಬಾಗಿಲು-ದಾರಂದ ಹೇರಿಕೊಂಡು ಹೊರಟವರು. ಅಮ್ಮ ಕೊನೆಯವರೆಗೂ ಹಿನ್ನೀರಿನ ಕಡೆಗೆ ಮುಖ ಮಾಡಿ ಕೂರುತ್ತಿರಲಿಲ್ಲ. ಪ್ರವಾಸಿಗರು "ಎಂಥಾ ಸೊಬಗು" ಎಂದು ಫೋಟೊ ತೆಗೆಯುವ ಆ ನೀರಿನ ಅಡಿಯಲ್ಲಿ ನಮ್ಮ ಗದ್ದೆ, ಚೌಡಿಬನ, ಬಾವಿ ಇವೆ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಬಾವಿಕಟ್ಟೆಯ ಕಲ್ಲು ಕಾಣುತ್ತದೆ. 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಹೊಸದರ ಹೊಟ್ಟೆಯೊಳಗೆ ಮುಳುಗಿ ಆಗಾಗ ತಲೆ ಎತ್ತುತ್ತದಲ್ಲ, ಹಾಗೆ.

ಹಾಗಾಗಿ ಈ ಮನೆಗೆ ಬಂದ ದಿನ ಕಿಟಕಿಯಾಚೆ ನೀರು ಕಂಡು ನನಗೆ ಎದೆ ಧಸಕ್ಕೆಂದಿತ್ತು. ಭಾಷೆ ಬಾರದು, ಹೇಳುವುದು ಯಾರಿಗೆ? ಊರಿಂದ ತಂದ ಅಮ್ಮನ ಹಿತ್ತಾಳೆ ದೀಪವನ್ನು ಸಂಜೆ ಒಂದು ಮೂಲೆಯಲ್ಲಿಟ್ಟು ಹಚ್ಚಿದೆ. ಅತ್ತೆ ಒಳಗೆ ಬಂದು ನಿಂತು ನೋಡಿದರು. ಏನನ್ನುತ್ತಾರೋ ಎಂದುಕೊಂಡರೆ, ನನ್ನ ಕೈ ಹಿಡಿದು ತಮ್ಮ ಕೋಣೆಗೆ ಕರೆದೊಯ್ದರು. ಅಲ್ಲಿ ಮೂಲೆಯಲ್ಲಿ ಮಾತೆ ಮರಿಯಳ ಹಳೆಯ ಚಿತ್ರಪಟ, ಅದರ ಮುಂದೆ ಕೆಂಪು ಗಾಜಿನಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ಅವರು ಆರ್ಥೊಡಾಕ್ಸ್ ಪಂಥದವರು. ಈ ದೇಶದಲ್ಲಿ ನೂರಕ್ಕೆ ಒಬ್ಬರು ಅವರು, ಉಳಿದವರಲ್ಲಿ ಹೆಚ್ಚಿನವರು ಲೂಥರನ್. ಆ ಸಂಜೆಯಿಂದ ನಮ್ಮಿಬ್ಬರ ದೀಪ ಒಂದೇ ಮೂಲೆಗೆ ಬಂತು, ಇವತ್ತಿಗೂ ಹಾಗೆಯೇ ಇದೆ.

ಮಾತು ಬಂದಮೇಲೆ ಗೊತ್ತಾದದ್ದು, ಅವರೂ ಮನೆ ಬಿಟ್ಟು ಬಂದವರೇ. ಆಗ ಫಿನ್‌ಲೆಂಡಿನದಾಗಿದ್ದ, ಈಗ ರಷ್ಯಾದಲ್ಲಿರುವ, ಲಡೋಗಾ ಸರೋವರದ ದಂಡೆಯ ಕರೇಲಿಯಾ ಸೀಮೆಯವರು. 1939ರ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ನುಗ್ಗಿದಾಗ ಏಳು ವರ್ಷದ ಹುಡುಗಿ, ದನ ಸಾಗಿಸುವ ರೈಲುಡಬ್ಬಿಯಲ್ಲಿ ಬಂದವರು. ನಡುವೆ ಯುದ್ಧದ ಗಾಳಿ ತಿರುಗಿ ಮರಳಿ ಹೋದರು, 1944ರಲ್ಲಿ ಮತ್ತೆ ಬಿಟ್ಟು ಓಡಿದರು. ಹಾಗೆ ನೆಲೆ ಕಳೆದುಕೊಂಡವರು ನಾಲ್ಕು ಲಕ್ಷಕ್ಕೂ ಹೆಚ್ಚು. 1945ರಲ್ಲಿ ಕಾನೂನು ಮಾಡಿ ಅವರಿಗೆಲ್ಲ ಭೂಮಿ ಹಂಚಿದರು, ನಮ್ಮ ಈ ಜಾಗವೂ ಹಾಗೆ ಬಂದದ್ದೇ. (ನಮ್ಮ ಮುಳುಗಡೆಯವರ ಪಟ್ಟೆ-ಪಹಣಿಯ ಕತೆ ಇಲ್ಲಿ ಬೇಡ, ಬರೆದರೆ ಪೆನ್ನು ನಿಲ್ಲುವುದಿಲ್ಲ.) ಸೋವಿಯತ್ ದೇಶ ಒಡೆದ ಮೇಲೆ ಬಸ್ಸು ಮಾಡಿಕೊಂಡು ಹಳೆಯ ಊರು ನೋಡಲು ಹೋದವರಲ್ಲಿ ಅತ್ತೆಯೂ ಒಬ್ಬರು. ಮನೆ ಇರಲಿಲ್ಲ. ತಾವು ಹುಟ್ಟಿದ ಸೌನಾದ ಕಲ್ಲುಗಳು ಹುಲ್ಲಿನಲ್ಲಿ ಬಿದ್ದಿದ್ದವಂತೆ. ಒಂದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. ನಮ್ಮ ಸೌನಾ ಒಲೆಯ ರಾಶಿಯಲ್ಲಿ ಅದೂ ಇದೆ. ಯಾವುದೆಂದು ಈಗ ನಮಗೂ ಗುರುತು ಸಿಗದು. ನೀರು ಚೆಲ್ಲುವಾಗ ಅದಕ್ಕೂ ಬೀಳುತ್ತದೆ.

ದೇವಸ್ಥಾನ ಎಂದು ಕೇಳಿದರೆ, ನಮ್ಮೂರಲ್ಲೇ ವಲಾಮೊ ಎಂಬ ಮಠ ಇದೆ. ಅದೂ ನಿರಾಶ್ರಿತವೇ. ಲಡೋಗಾದ ದ್ವೀಪವೊಂದರಲ್ಲಿ ನೂರಾರು ವರ್ಷ ಇದ್ದ ಮಠ, ಆ ಯುದ್ಧದಲ್ಲೇ ಸನ್ಯಾಸಿಗಳು ಹೆಪ್ಪುಗಟ್ಟಿದ ಸರೋವರದ ಮೇಲಿಂದ ದಾಟಿ ಬಂದು 1940ರಲ್ಲಿ ಇಲ್ಲೊಂದು ಎಸ್ಟೇಟು ಕೊಂಡು ನೆಲೆ ನಿಂತರು. ವರ್ಷಕ್ಕೆ ನಾಲ್ಕಾರು ಸಲ ಹೋಗುತ್ತೇನೆ. ಸಂಜೆಯ ಪ್ರಾರ್ಥನೆಗೆ ವಾದ್ಯವಿಲ್ಲ, ಕೊರಳು ಮಾತ್ರ. ಕೆಲವರ ಕೈಯಲ್ಲಿ ಕರಿಯ ಉಣ್ಣೆದಾರದ ಗಂಟಿನ ಸರ, ಒಂದೊಂದು ಗಂಟಿಗೆ ಒಂದು ನಾಮ. ನಾನು ಹಿಂದೆ ನಿಂತು ಅಜ್ಜಿ ಕಲಿಸಿದ್ದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಯಾರೂ ಏನೆಂದು ಕೇಳಿಲ್ಲ. ಅತ್ತೆಯ ಸಮಾಧಿ ಆ ಕಡೆಯ ಸ್ಮಶಾನದಲ್ಲೇ. ಕ್ರಿಸ್‌ಮಸ್ ಹಿಂದಿನ ಸಂಜೆ ಇಡೀ ಊರು ಸಮಾಧಿಗಳಿಗೆ ಮೇಣದಬತ್ತಿ ಹಚ್ಚಲು ಬರುತ್ತದೆ, ಹಿಮದೊಳಗೆ ನೂರಾರು ದೀಪ. ನಾನು ಒಂದು ಹಚ್ಚಿ, ಪಕ್ಕದಲ್ಲಿ ಅಮ್ಮನ ಹೆಸರಿನಲ್ಲಿ ಇನ್ನೊಂದು ಹಚ್ಚುತ್ತೇನೆ. ಇಬ್ಬರೂ ಬದುಕಿದ್ದಾಗ ಒಬ್ಬರನ್ನೊಬ್ಬರು ನೋಡಲಿಲ್ಲ.

*

ಆಂಟಿ, ನಾನು 8ನೇ ಕ್ಲಾಸ್. ಕೆರೆ ಪೂರ್ತಿ ಐಸ್ ಆದರೆ ಮೀನುಗಳು ಸಾಯಲ್ವಾ? ನೀವು ಐಸ್ ಮೇಲೆ ನಡೆದಿದ್ದೀರಾ?
ವಿದ್ಯಾರ್ಥಿ, ಹಾವೇರಿ

ಪುಟ್ಟಾ, ಕೆರೆ ಪೂರ್ತಿ ಐಸ್ ಆಗುವುದಿಲ್ಲ. ನೀರಿಗೆ ಒಂದು ವಿಚಿತ್ರ ಗುಣ ಇದೆ. ತಣ್ಣಗಾಗುತ್ತಾ 4 ಡಿಗ್ರಿಗೆ ಬಂದಾಗ ಅದು ಅತಿ ಭಾರ, ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರ. ಅದಕ್ಕೇ 4 ಡಿಗ್ರಿಯ ನೀರು ತಳದಲ್ಲಿ ಉಳಿಯುತ್ತದೆ, ಐಸ್ ಮೇಲೆ ತೇಲಿ ಕಂಬಳಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಮೀನುಗಳು ಕೆಳಗೆ ನಿಧಾನವಾಗಿ ಆಡಿಕೊಂಡಿರುತ್ತವೆ.

ನಡೆದಿದ್ದೇನೆ. ಗಟ್ಟಿಯಾದ ಕಪ್ಪು ಐಸ್ 5 ಸೆಂಟಿಮೀಟರ್ ಆದರೆ ಒಬ್ಬ ಮನುಷ್ಯನನ್ನು ಹೊರುತ್ತದೆ. ನಾನು ಹತ್ತಾಗುವವರೆಗೆ ಕಾಲಿಡುವುದಿಲ್ಲ, ನನ್ನ ತೂಕ ನನಗೆ ಗೊತ್ತು. ಕೊರಳಿಗೆ ಎರಡು ಮೊಳೆಹಿಡಿ ನೇತುಹಾಕಿಕೊಂಡಿರುತ್ತೇವೆ, ಅಕಸ್ಮಾತ್ ಬಿದ್ದರೆ ಅಂಚಿಗೆ ಚುಚ್ಚಿ ಮೇಲೆ ಬರಲು. ಚಳಿ ಏರಿದ ರಾತ್ರಿ ಐಸ್ ಹಿಗ್ಗಿ ಕುಗ್ಗಿ ಸದ್ದು ಮಾಡುತ್ತದೆ. ದೂರದಲ್ಲಿ ಯಾರೋ ದೊಡ್ಡ ತಂತಿ ಮೀಟಿದ ಹಾಗೆ.

ನೀನು ಕೇಳದೆ ಬಿಟ್ಟದ್ದೊಂದು ಹೇಳುತ್ತೇನೆ. ಈ ನೀರಿನಲ್ಲಿ ನೊರ್ಪ್ಪಾ ಎಂಬ ಸೀಲ್ ಇದೆ, ಮೈತುಂಬ ಉಂಗುರದ ಚುಕ್ಕೆ. ಹಿಮಯುಗ ಕಳೆದು ನೆಲ ಮೇಲೆದ್ದಾಗ ಸಮುದ್ರದಿಂದ ಬೇರೆಯಾಗಿ ಇಲ್ಲೇ ಸಿಕ್ಕಿಕೊಂಡದ್ದು, ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 1980ರ ದಶಕದಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿದ್ದವು. ಬಲೆಗೆ ಸಿಕ್ಕಿ ಸಾಯುತ್ತಿದ್ದವು. ಈಗ ಅವು ಇರುವ ಜಾಗಗಳಲ್ಲಿ ಏಪ್ರಿಲ್ 15ರಿಂದ ಜೂನ್ ಕೊನೆಯವರೆಗೆ ಬಲೆ ಹಾಕಬಾರದು, ಸಂಖ್ಯೆ ಐದುನೂರರ ಹತ್ತಿರ ಬಂದಿದೆ. ಅದು ಐಸಿನಲ್ಲಿ ಉಸಿರಾಡಲು ತೂತು ಮಾಡಿಕೊಂಡು, ದಂಡೆಯ ಬಳಿ ಗಾಳಿ ಒಟ್ಟಿದ ಹಿಮದ ರಾಶಿಯೊಳಗೆ ಗೂಡು ಕೊರೆದು, ಫೆಬ್ರುವರಿ-ಮಾರ್ಚಿನಲ್ಲಿ ಮರಿ ಹಾಕುತ್ತದೆ. ಈಚೆಗೆ ಕೆಲವು ಚಳಿಗಾಲ ಹಿಮವೇ ಸಾಲದು. ಗೂಡಿಲ್ಲದಿದ್ದರೆ ಮರಿ ಚಳಿಗೆ ಸಾಯುತ್ತದೆ, ಇಲ್ಲವೇ ನರಿಯ ಪಾಲು.

ಅಂಥ ವರ್ಷ ಜನವರಿಯಲ್ಲಿ ಅರಣ್ಯದವರು ಕರೆ ಕೊಡುತ್ತಾರೆ. ಕೈಲಾದವರು ಸಲಿಕೆ ಹಿಡಿದು ಐಸಿನ ಮೇಲೆ ಹೋಗಿ, ಅವರು ತೋರಿಸಿದ ಜಾಗದಲ್ಲಿ ಹಿಮ ಎಳೆದು ಉದ್ದದ ರಾಶಿ ಹಾಕುತ್ತೇವೆ. ಕೂಲಿ ಇಲ್ಲ, ಬಿಸಿ ಸೂಪು ಇದೆ. ಇಲ್ಲಿ ಇದಕ್ಕೆ ತಲ್ಕೋ ಎನ್ನುತ್ತಾರೆ, ನಮ್ಮ ಕಡೆಯ ಮುಯ್ಯಾಳು. ಹಿಂದಿನ ಒಂದು ವರ್ಷ ನಾನು, ನನ್ನ ಗಂಡ ಮತ್ತು ಅಂಚೆ ಹಂಚುವ ಹುಡುಗಿ ಸೇರಿ ಎರಡು ರಾಶಿ ಹಾಕಿದೆವು. ಸೊಂಟ ಒಂದು ವಾರ ನೋವಿತ್ತು. ಅದರೊಳಗೆ ತಾಯಿ ಸೇರಿಕೊಂಡಿತೋ ಇಲ್ಲವೋ ನೋಡಲು ಹತ್ತಿರ ಹೋಗುವಂತಿಲ್ಲ, ಹೆದರಿದರೆ ಮರಿ ನೀರಿಗೆ ಬೀಳುತ್ತದೆ. ಏಪ್ರಿಲ್‌ನಲ್ಲಿ ಗೂಡು ಕುಸಿದ ಮೇಲೆ ಲೆಕ್ಕ ಹಾಕುವವರು ಬರುತ್ತಾರೆ. ಆ ವರ್ಷ ಒಂದು ರಾಶಿ ಖಾಲಿ ಇತ್ತಂತೆ. ಇನ್ನೊಂದರಲ್ಲಿ ಮರಿಯ ಬೂದುಬಣ್ಣದ ಕೂದಲು ಸಿಕ್ಕಿತ್ತು.